ಗ್ರಾಫಿಕ್ ಕಲೆಯ ಮೊದಲ ವರ್ಷ: ನಿಮ್ಮ ವಿಶೇಷ ವಿಭಾಗವನ್ನು ಕೆಲಸ ಮಾಡಿಯೇ ಗುರುತಿಸಿಕೊಳ್ಳುವುದು ಹೇಗೆ?

ದೃಶ್ಯಕಲಾ ಕಾಲೇಜುಗಳಲ್ಲಿ ಮೊದಲ ವರ್ಷ ಮುಗಿಯುತ್ತ ಬಂದಂತೆ ವಿದ್ಯಾರ್ಥಿಗಳಿಂದಲೂ ಅವರ ತಂದೆತಾಯಿಯರಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಎರಡನೆಯ ವರ್ಷಕ್ಕೆ ಯಾವ ವಿಭಾಗವನ್ನು ತೆಗೆದುಕೊಳ್ಳಬೇಕು, ಅದರೊಳಗೆ ಯಾವ ಬಗೆಯ ಕೆಲಸದಲ್ಲಿ ಪಳಗಬೇಕು? ಕರ್ನಾಟಕದ ಬಿ.ವಿ.ಎ. ಪದವಿ, ಅಂದರೆ ನಾಲ್ಕು ವರ್ಷಗಳ ದೃಶ್ಯಕಲಾ ಪದವಿಯಲ್ಲಿ, ಮೊದಲ ವರ್ಷ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಬಗೆಯ ತಳಹದಿಯ ಶಿಕ್ಷಣ. ರೇಖಾಚಿತ್ರ, ಬಣ್ಣ, ಮಣ್ಣಿನ ಕೆಲಸ, ಅಕ್ಷರ ಬರವಣಿಗೆ, ಸ್ವಲ್ಪ ಮುದ್ರಣ ಎಲ್ಲವೂ ಅಲ್ಲಿ ಬಂದುಹೋಗುತ್ತವೆ. ಆದರೆ ಒಂದೊಂದಕ್ಕೂ ಸಿಗುವ ಕಾಲ ಎಷ್ಟು ಕಡಿಮೆಯೆಂದರೆ, ಆ ಕೆಲಸವನ್ನೇ ಬದುಕಾಗಿ ಮಾಡಿಕೊಂಡವರ ಒಂದು ಸಾಧಾರಣ ದಿನ ಹೇಗಿರುತ್ತದೆ ಎಂಬುದು ವಿದ್ಯಾರ್ಥಿಗೆ ತಿಳಿಯುವುದೇ ಇಲ್ಲ. ಹೀಗಾಗಿ ಆಯ್ಕೆ ಹೆಚ್ಚಾಗಿ ಗೆಳೆಯರ ಮಾತಿನ ಮೇಲೆ, ಬಂದ ಅಂಕಗಳ ಮೇಲೆ ಅಥವಾ ಕೇಳಲು ಚೆನ್ನಾಗಿರುವ ಹೆಸರಿನ ಮೇಲೆ ನಿಂತುಬಿಡುತ್ತದೆ.

ಈ ಲೇಖನದಲ್ಲಿ ಹೇಳುವ ವಿಧಾನ ಸರಳವಾದದ್ದು. ಒಂದೇ ವಸ್ತುವನ್ನು ಹಿಡಿದುಕೊಂಡು, ಅದರ ಮೇಲೆ ಅಕ್ಷರ, ಪುಸ್ತಕ, ಪೊಟ್ಟಣ, ಚಿತ್ರ, ಅಚ್ಚು, ಕಂಪ್ಯೂಟರ್ ಮತ್ತು ಮೊಬೈಲಿನ ತೆರೆ ಹೀಗೆ ಒಂದೊಂದು ಬಗೆಯ ಚಿಕ್ಕ ಕೆಲಸವನ್ನು ಮುಗಿಸಿ ನೋಡಬೇಕು. ವಸ್ತು ಬದಲಾಗದೆ ಇದ್ದಾಗ ಮಾತ್ರ ನಿಮಗೆ ಹಿಡಿಸಿದ್ದು ವಸ್ತುವೋ ಕೆಲಸವೋ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಒಂದು ಗೊಂದಲ ನಿವಾರಣೆ

ನಮ್ಮ ಕಲಾ ಕಾಲೇಜುಗಳ ಅರ್ಜಿ ನಮೂನೆಯಲ್ಲಿ ‘ಗ್ರಾಫಿಕ್ಸ್’ ಎಂದಿದ್ದರೆ ಅದು ಬಹುಮಟ್ಟಿಗೆ ಮುದ್ರಣಕಲೆ: ಮರ, ಲಿನೋಲಿಯಂ, ಸತುವಿನ ತಗಡು, ಕಲ್ಲು ಅಥವಾ ಬಟ್ಟೆಯ ಪರದೆಯಿಂದ ಕಲಾವಿದರು ತಾವೇ ಅಚ್ಚು ತೆಗೆಯುವ ಕಲೆ. ಜಾಹೀರಾತು, ಪುಸ್ತಕ, ಲಾಂಛನ, ಪೊಟ್ಟಣಗಳ ವಿನ್ಯಾಸ ಬರುವುದು ‘ಅನ್ವಯಿಕ ಕಲೆ’ ಎಂಬ ವಿಭಾಗದಲ್ಲಿ. ಕಂಪ್ಯೂಟರಿನಲ್ಲಿ ವಿನ್ಯಾಸ ಕಲಿಯುವ ಆಸೆಯಿಂದ ‘ಗ್ರಾಫಿಕ್ಸ್’ ಎಂದು ಬರೆದುಕೊಟ್ಟು, ಎರಡನೆಯ ವರ್ಷದ ಮೊದಲ ವಾರದಲ್ಲಿ ಉಳಿ ಮತ್ತು ರೋಲರ್ ಹಿಡಿಯಬೇಕಾಗಿ ಬಂದವರಿದ್ದಾರೆ. ಎರಡೂ ಒಳ್ಳೆಯ ವಿಭಾಗಗಳೇ. ಆದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಾಗಲಿ, ಮೈಸೂರಿನ ಕಾವಾ ದೃಶ್ಯಕಲಾ ಕಾಲೇಜಾಗಲಿ, ದಾವಣಗೆರೆ, ಕಲಬುರಗಿ, ಧಾರವಾಡದ ಕಾಲೇಜುಗಳಾಗಲಿ, ನೀವು ಓದುತ್ತಿರುವಲ್ಲಿ ಯಾವ ವಿಭಾಗಗಳು ನಿಜಕ್ಕೂ ನಡೆಯುತ್ತಿವೆ, ಯಾವುದಕ್ಕೆ ಕಾಯಂ ಅಧ್ಯಾಪಕರಿದ್ದಾರೆ, ಮುದ್ರಣಯಂತ್ರ ಕೆಲಸ ಮಾಡುವ ಸ್ಥಿತಿಯಲ್ಲಿದೆಯೇ ಎಂಬುದನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಮಾತು. ಪಠ್ಯಕ್ರಮದ ಪ್ರತಿಯನ್ನು ಕಚೇರಿಯಿಂದ ಕೇಳಿ ಪಡೆದು, ಎರಡನೆಯ ಮತ್ತು ಮೂರನೆಯ ವರ್ಷದ ಪ್ರಾಯೋಗಿಕ ವಿಷಯಗಳನ್ನು ಓದಿಕೊಳ್ಳಿ.

ಬೇಕಾಗುವ ಸಾಮಗ್ರಿ

ಎ3 ಅಳತೆಯ ಡ್ರಾಯಿಂಗ್ ಹಾಳೆಗಳು, ಎ4 ಹಾಳೆಗಳ ಒಂದು ಕಟ್ಟು, ಗ್ರಾಫ್ ಹಾಳೆ, ಓರೆಯಾಗಿ ಕತ್ತರಿಸಿದ ನಿಬ್ಬು ಅಥವಾ ಚಪ್ಪಟೆ ಕುಂಚ, ಕಪ್ಪು ಇಂಕು, ಉಕ್ಕಿನ ಅಳತೆಪಟ್ಟಿ, ಕಟ್ಟರ್, ದಪ್ಪ ಸೂಜಿದಾರ, ಲಿನೋ, ಅಂದರೆ ಕೊರೆದು ಅಚ್ಚು ತೆಗೆಯುವ ಲಿನೋಲಿಯಂ ಹಾಳೆಯ ಒಂದು ತುಂಡು ಮತ್ತು ಅದರ ಉಳಿಗಳು. ಕಂಪ್ಯೂಟರ್ ಇದ್ದರೆ ಹಣ ಕೊಡದೆ ಸಿಗುವ ಇಂಕ್‌ಸ್ಕೇಪ್ (ಗೆರೆಚಿತ್ರ, ಲಾಂಛನಕ್ಕೆ), ಕ್ರಿಟಾ (ಬಣ್ಣದ ಚಿತ್ರ, ಚಲನೆಗೆ), ಸ್ಕ್ರೈಬಸ್ (ಪುಟ ಜೋಡಣೆಗೆ) ತಂತ್ರಾಂಶಗಳು ಈ ಹಂತಕ್ಕೆ ಧಾರಾಳವಾಗಿ ಸಾಕು. ಸ್ವಂತ ಲ್ಯಾಪ್‌ಟಾಪ್ ಇಲ್ಲದವರು ಕಾಲೇಜಿನ ಪ್ರಯೋಗಾಲಯದಲ್ಲೇ ಈ ಕೆಲಸಗಳನ್ನು ಮುಗಿಸಬಹುದು. ಅರ್ಧಕ್ಕಿಂತ ಹೆಚ್ಚಿನ ಕೆಲಸಕ್ಕೆ ಯಂತ್ರ ಬೇಕಿಲ್ಲ. ಚಿತ್ರವನ್ನು ತಾನೇ ತಯಾರಿಸಿಕೊಡುವ ಸಾಧನಗಳನ್ನು ಮಾತ್ರ ಈ ಅವಧಿಯಲ್ಲಿ ದೂರವಿಡಿ, ಏಕೆಂದರೆ ಇಲ್ಲಿ ಪರೀಕ್ಷೆಗೆ ಒಳಗಾಗುತ್ತಿರುವುದು ನಿಮ್ಮ ಕೈ, ಕಣ್ಣು ಮತ್ತು ತಾಳ್ಮೆ.

ಹಂತ 1: ಒಂದು ವಸ್ತುವನ್ನು ಆರಿಸಿಕೊಳ್ಳಿ

ವಸ್ತು ನಿಮ್ಮ ಊರಿನದ್ದಾಗಿರಲಿ, ಕೈಗೆ ಸಿಗುವಂತಿರಲಿ, ಹೇಳಲು ಹತ್ತು ವಿಷಯಗಳನ್ನು ಹೊಂದಿರಲಿ. ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಮೈಸೂರು ಮಲ್ಲಿಗೆ, ಊರಿನ ವಾರದ ಸಂತೆ ಯಾವುದಾದರೂ ಆಗಬಹುದು. ಈ ಲೇಖನದಲ್ಲಿ ಉದಾಹರಣೆಗಾಗಿ ಬ್ಯಾಡಗಿ ಮೆಣಸಿನಕಾಯಿಯನ್ನು ಇಟ್ಟುಕೊಳ್ಳುತ್ತೇನೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಕಡುಗೆಂಪು ಬಣ್ಣ ಹೆಚ್ಚು. ಗಿಡ್ಡಗೆ ದುಂಡಾದ ಡಬ್ಬಿ, ಉದ್ದಕ್ಕೆ ಸಪೂರವಾದ ಕಡ್ಡಿ ಎಂಬ ಎರಡು ಬಗೆಗಳಿವೆ. ಇದರಿಂದ ತೆಗೆಯುವ ಬಣ್ಣದ ಸತ್ವ ಆಹಾರಕ್ಕೂ ಸೌಂದರ್ಯಸಾಧನಗಳಿಗೂ ಹೋಗುತ್ತದೆ. ಆಕಾರ, ಬಣ್ಣ, ಮಾರುಕಟ್ಟೆ, ಅಡುಗೆ, ರೈತ, ವ್ಯಾಪಾರಿ ಎಲ್ಲವೂ ಒಂದೇ ವಸ್ತುವಿನಲ್ಲಿ ಇರುವುದರಿಂದ ಯಾವ ವಿಭಾಗದ ಕೆಲಸಕ್ಕೂ ಇದು ಒಗ್ಗುತ್ತದೆ.

ಎಚ್ಚರಿಕೆ: ‘ಪ್ರಕೃತಿ’, ‘ಮಹಿಳೆ’, ‘ನಗರ’ ಎಂಬಂಥ ವಿಶಾಲ ವಿಷಯಗಳನ್ನು ಹಿಡಿಯಬೇಡಿ. ಅವುಗಳ ಮೇಲೆ ಏನು ಮಾಡಿದರೂ ಸರಿಯೆನಿಸುತ್ತದೆ, ಆದ್ದರಿಂದ ಎಲ್ಲಿ ಸೋತಿರಿ ಎಂಬುದು ಗೊತ್ತಾಗುವುದಿಲ್ಲ.

ಹಂತ 2: ವಸ್ತುವನ್ನು ನೋಡಿ, ಅಳೆಯಿರಿ, ಬರೆದಿಡಿ

ಅಂಗಡಿಯಿಂದ ಒಂದು ಹಿಡಿ ಮೆಣಸಿನಕಾಯಿ ತಂದು ಬಿಳಿ ಹಾಳೆಯ ಮೇಲೆ ಹರಡಿ. ತೊಟ್ಟಿನ ಬಣ್ಣ ಯಾವುದು, ಸುಕ್ಕು ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ, ಬೆಳಕಿಗೆ ಹಿಡಿದರೆ ಒಳಗಿನ ಬೀಜ ಕಾಣುತ್ತದೆಯೋ ಎಂದು ನೋಡಿ ಚಿತ್ರಿಸಿ. ಅದನ್ನು ಮಾರುವವರೊಂದಿಗೆ, ಮನೆಯಲ್ಲಿ ಖಾರದಪುಡಿ ಮಾಡುವ ಅಜ್ಜಿಯೊಂದಿಗೋ ಚಿಕ್ಕಮ್ಮನೊಂದಿಗೋ ಮಾತಾಡಿ ಅವರು ಬಳಸುವ ಪದಗಳನ್ನು ಹಾಗೆಯೇ ಬರೆದುಕೊಳ್ಳಿ. ಸುಮಾರು 300 ಪದಗಳ ಬರಹ, ಹತ್ತಾರು ರೇಖಾಚಿತ್ರ, ಕೆಲವು ಫೋಟೊ ಇಷ್ಟು ಕೈಯಲ್ಲಿದ್ದರೆ ಮುಂದಿನ ಎಲ್ಲ ಹಂತಗಳಿಗೂ ಸರಕು ಸಿದ್ಧವಾದಂತೆ. ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರಗಳ ಮೇಲೆ ಕೆಲಸ ಮಾಡುವವರು ಈ ಹಂತವನ್ನು ಹಾರಿಸಿಬಿಡುತ್ತಾರೆ. ಆಮೇಲೆ ಅವರ ಪೊಟ್ಟಣ, ಪೋಸ್ಟರು, ಪುಸ್ತಕ ಮೂರರಲ್ಲೂ ಯಾವುದೋ ದೇಶದ ನುಣುಪಾದ ಮೆಣಸಿನಕಾಯಿ ಕೂತಿರುತ್ತದೆ. ಬ್ಯಾಡಗಿಯದ್ದು ಸುಕ್ಕುಗಟ್ಟಿದ ಕಾಯಿ.

ಹಂತ 3: ಅಕ್ಷರದ ಕೆಲಸ

ಇದನ್ನು ಮೊದಲಿಗೆ ಇಟ್ಟಿರುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಗ್ರಾಫಿಕ್ ಕಲೆ ಮಾಡುವ ಯಾರೇ ಆಗಲಿ, ಯಾವ ವಿಭಾಗಕ್ಕೆ ಹೋದರೂ, ಕನ್ನಡ ಅಕ್ಷರವನ್ನು ಕೈಯಿಂದ ಬರೆದು ತಿಳಿದುಕೊಂಡಿರದಿದ್ದರೆ ಅವರ ಕೆಲಸದಲ್ಲಿ ಒಂದು ಕುಂದು ಉಳಿದೇ ಉಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಬ್ಯಾಡಗಿ ಮೆಣಸಿನಕಾಯಿ’ ಎಂಬ ಶೀರ್ಷಿಕೆಯನ್ನು ಗ್ರಾಫ್ ಹಾಳೆಯ ಮೇಲೆ, ಅಕ್ಷರದ ಒಡಲು ಐದು ಸೆಂಟಿಮೀಟರ್ ಎತ್ತರ ಬರುವಂತೆ, ಚಪ್ಪಟೆ ಕುಂಚದಿಂದ ಬರೆಯಿರಿ. ಒಂಬತ್ತೇ ಅಕ್ಷರಗಳು, ಆದರೆ ಕಲಿಸುವುದು ಬಹಳ. ಮೊದಲ ‘ಬ್ಯಾ’ದಲ್ಲಿ ಯಕಾರದ ಒತ್ತು ಗೆರೆಯ ಕೆಳಗಿಳಿದು ಬಲಕ್ಕೆ ಹೊರಳುತ್ತದೆ, ಪಕ್ಕದ ‘ಡ’ವನ್ನು ಎಂದಿನ ಅಂತರದಲ್ಲೇ ಬರೆದರೆ ಎರಡೂ ತಾಗುತ್ತವೆ, ದೂರ ಸರಿಸಿದರೆ ಪದ ಒಡೆದಂತೆ ಕಾಣುತ್ತದೆ. ತಲಕಟ್ಟು ಕನ್ನಡದ ಸಾಲನ್ನು ಒಂದಾಗಿ ಹಿಡಿದಿಡುತ್ತದೆ ಎಂದು ನಾವು ಓದಿರುತ್ತೇವೆ, ಆದರೆ ಈ ಶೀರ್ಷಿಕೆಯಲ್ಲಿ ತಲಕಟ್ಟು ತನ್ನ ಮೂಲ ರೂಪದಲ್ಲಿ ಉಳಿದಿರುವುದು ‘ಡ’ ಮತ್ತು ‘ನ’ ಎಂಬ ಎರಡೇ ಅಕ್ಷರಗಳಲ್ಲಿ. ‘ಗಿ’, ‘ಸಿ’, ‘ಯಿ’ಗಳಲ್ಲಿ ಗುಡಿಸು ಬಂದಿದೆ, ‘ಮೆ’ಯಲ್ಲಿ ಏತ್ವ, ‘ಕಾ’ದಲ್ಲಿ ಇಳಿ, ‘ಣ’ಕ್ಕೆ ತಲಕಟ್ಟೇ ಇಲ್ಲ. ಮೇಲ್ಗೆರೆಯೇ ಇಷ್ಟು ಏರಿಳಿಯುವಾಗ ಸಾಲನ್ನು ಸಮನಾಗಿ ಕಾಣಿಸಬೇಕಾದ ಹೊಣೆ ಒಡಲಿನ ದುಂಡಗೆಗಳ ಮೇಲೆ ಬೀಳುತ್ತದೆ. ಅಕ್ಷರದೊಳಗಿನ ಬಿಳಿ ಜಾಗವನ್ನು ಪೆನ್ಸಿಲಿನಿಂದ ತುಂಬಿ ನೋಡಿ. ‘ಣ’ದಲ್ಲಿ ಎಷ್ಟು ಬಿಳಿ ಇದೆ, ‘ಗಿ’ಯಲ್ಲಿ ಎಷ್ಟು ಎಂಬ ವ್ಯತ್ಯಾಸ ಆಗ ಕಣ್ಣಿಗೆ ಬೀಳುತ್ತದೆ.

ಬರೆದದ್ದನ್ನು ಗೋಡೆಗೆ ಅಂಟಿಸಿ ಹದಿನೈದು ಹೆಜ್ಜೆ ಹಿಂದೆ ಸರಿದು ಓದಿ. ಯಾವ ಅಕ್ಷರ ಮೊದಲು ಕಲಸಿಹೋಗುತ್ತದೆಯೋ ಅದನ್ನು ತಿದ್ದಿ ಮತ್ತೆ ಬರೆಯಿರಿ. ನಂತರ ಅದೇ ಶೀರ್ಷಿಕೆಯನ್ನು ಸಿದ್ಧ ಫಾಂಟುಗಳಲ್ಲಿ, ಅಂದರೆ ಕಂಪ್ಯೂಟರಿಗೆ ತಯಾರಾದ ಅಕ್ಷರಗುಚ್ಛಗಳಲ್ಲಿ, ಹಾಕಿ ನೋಡಿ. ಬಾಲೂ ತಮ್ಮ, ಅನೇಕ್ ಕನ್ನಡ, ಟೈರೋ ಕನ್ನಡ, ನೋಟೋ ಇವೆಲ್ಲ ಗೂಗಲ್ ಫಾಂಟ್ಸ್ ತಾಣದಲ್ಲಿ ಮುಕ್ತ ಪರವಾನಗಿಯೊಂದಿಗೆ ಸಿಗುತ್ತವೆ. ‘ಬ್ಯಾ’ ಮತ್ತು ‘ಡ’ ನಡುವಿನ ತೊಡಕನ್ನು ಒಂದೊಂದು ಫಾಂಟೂ ಹೇಗೆ ಬಿಡಿಸಿದೆ ಎಂದು ಹೋಲಿಸಿ ಟಿಪ್ಪಣಿ ಮಾಡಿಕೊಳ್ಳಿ.

ಇಲ್ಲೊಂದು ತಾಂತ್ರಿಕ ಗುಂಡಿ ಇದೆ. ನಮ್ಮ ಡಿ.ಟಿ.ಪಿ. ಅಂಗಡಿಗಳಲ್ಲಿ ಇನ್ನೂ ಬಳಕೆಯಲ್ಲಿರುವ ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿರುತ್ತವೆ, ಹಾಗಾಗಿ ಫಾಂಟ್ ಬದಲಿಸಿದೊಡನೆ ಬರಹ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ನಿಮ್ಮ ಎಲ್ಲ ಬರಹವನ್ನೂ ಯೂನಿಕೋಡಿನಲ್ಲೇ ಇಟ್ಟುಕೊಳ್ಳಿ. ಹಳೆಯದನ್ನು ಪರಿವರ್ತಿಸಿದರೆ ಅರ್ಕಾವತ್ತು ಮತ್ತು ಎರಡೆರಡು ಒತ್ತುಗಳಿರುವ ಪದಗಳನ್ನು ಒಂದೊಂದಾಗಿ ಓದಿ ತಿದ್ದಿ. ಪುಟ ಜೋಡಿಸುವ ಇನ್‌ಡಿಸೈನ್ ತಂತ್ರಾಂಶದಲ್ಲಿ ಒತ್ತಕ್ಷರಗಳು ಒಡೆದು ಕಂಡರೆ ಫಾಂಟನ್ನು ದೂರಬೇಡಿ. ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ‘ವರ್ಲ್ಡ್-ರೆಡಿ’ ಕಂಪೋಸರನ್ನು ಆರಿಸಿದರೆ ಅವು ಸರಿಹೋಗುತ್ತವೆ.

ಈ ಕೆಲಸಕ್ಕೆ ಬೇಡಿಕೆ ಇದೆಯೇ ಎಂದು ಕೇಳುವವರಿಗೆ ಒಂದು ಮಾಹಿತಿ: 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಂತೆ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು. ಲಾಂಛನವನ್ನು ಇಂಗ್ಲಿಷಿನಲ್ಲಿ ಮಾಡಿಸಿ, ಕನ್ನಡವನ್ನು ಕೊನೆಗಳಿಗೆಯಲ್ಲಿ ಕೈಗೆ ಸಿಕ್ಕ ಫಾಂಟಿನಲ್ಲಿ ಸೇರಿಸುವ ಅಭ್ಯಾಸ ಬೀದಿಬೀದಿಯಲ್ಲೂ ಕಾಣುತ್ತದೆ. ಎರಡೂ ಲಿಪಿಗಳನ್ನು ಒಂದೇ ತೂಕದಲ್ಲಿ ಬರೆಯಬಲ್ಲವರು ಬೇಕಾಗಿದ್ದಾರೆ.

ಹಂತ 4: ಹದಿನಾರು ಪುಟದ ಕಿರುಪುಸ್ತಕ

ನಾಲ್ಕು ಎ4 ಹಾಳೆಗಳನ್ನು ನಡುವೆ ಮಡಿಸಿ ಒಂದರೊಳಗೊಂದು ಸೇರಿಸಿದರೆ ಎ5 ಅಳತೆಯ ಹದಿನಾರು ಪುಟಗಳಾಗುತ್ತವೆ. ಮೊದಲು ಖಾಲಿ ಹಾಳೆಗಳಲ್ಲೇ ಈ ಮಾದರಿ ಕಟ್ಟಿ ಪುಟಸಂಖ್ಯೆ ಬರೆಯಿರಿ. ಬಿಚ್ಚಿ ನೋಡಿದಾಗ ಹೊರಗಿನ ಹಾಳೆಯ ಒಂದು ಬದಿಯಲ್ಲಿ 16 ಮತ್ತು 1, ಇನ್ನೊಂದು ಬದಿಯಲ್ಲಿ 2 ಮತ್ತು 15 ಜೊತೆಯಾಗಿರುತ್ತವೆ. ಮುದ್ರಣಾಲಯದಲ್ಲಿ ಪುಟಗಳನ್ನು ಹೀಗೆ ಜೋಡಿಸುವುದಕ್ಕೆ ಇಂಪೋಸಿಷನ್ ಎನ್ನುತ್ತಾರೆ. ಕೈಯಿಂದ ಒಮ್ಮೆ ಮಾಡಿದವರಿಗೆ ಅದು ಮತ್ತೆಂದೂ ಮರೆಯುವುದಿಲ್ಲ. ನಡುವಿನಲ್ಲಿ ಹೊಲಿಯುವ ಅಥವಾ ಪಿನ್ ಹೊಡೆಯುವ ಪುಸ್ತಕದ ಪುಟಸಂಖ್ಯೆ ಯಾವಾಗಲೂ ನಾಲ್ಕರ ಗುಣಕವಾಗಿರಬೇಕು ಎಂಬ ನಿಯಮವೂ ತಾನಾಗಿ ತಿಳಿಯುತ್ತದೆ.

ನೀವು ಬರೆದಿಟ್ಟ 300 ಪದಗಳನ್ನೂ ರೇಖಾಚಿತ್ರಗಳನ್ನೂ ಈ ಪುಟಗಳಿಗೆ ಹಂಚಿ. ಕನ್ನಡ ಬರಹದಲ್ಲಿ ಗಮನ ಬೇಕಾದ ಮುಖ್ಯ ಜಾಗ ಸಾಲುಗಳ ನಡುವಿನ ಅಂತರ. ಇಂಗ್ಲಿಷ್ ಪುಸ್ತಕದ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. 11 ಪಾಯಿಂಟಿನ ಅಕ್ಷರಕ್ಕೆ 16 ಅಥವಾ 17 ಪಾಯಿಂಟಿನ ಅಂತರದಿಂದ ಆರಂಭಿಸಿ, ‘ರಾಷ್ಟ್ರೀಯ’, ‘ಸ್ತ್ರೀ’ಯಂಥ ಎರಡು ಒತ್ತಿನ ಪದಗಳನ್ನು ಒಂದು ಸಾಲಿನಲ್ಲೂ ‘ಗಿ’, ‘ಸಿ’ ಇರುವ ಪದಗಳನ್ನು ಅದರ ಕೆಳಗಿನ ಸಾಲಿನಲ್ಲೂ ಇಟ್ಟು ಅಚ್ಚು ತೆಗೆದು ನೋಡಿ. ಫಾಂಟಿನಿಂದ ಫಾಂಟಿಗೆ ಇದು ಬದಲಾಗುವುದರಿಂದ ತೆರೆಯ ಮೇಲೆ ನೋಡಿ ತೀರ್ಮಾನಿಸಬೇಡಿ. ಇನ್ನೊಂದು ತೊಡಕು, ನಮ್ಮ ಪದಗಳ ಉದ್ದ. ವಿಭಕ್ತಿ, ಸಂಧಿಗಳು ಸೇರಿ ಪದಗಳು ಉದ್ದವಾಗುವುದರಿಂದ ಕಿರಿದಾದ ಅಂಕಣದಲ್ಲಿ ಎರಡೂ ಅಂಚು ಸಮವಾಗುವಂತೆ ಜೋಡಿಸಿದರೆ ಪದಗಳ ನಡುವೆ ದೊಡ್ಡ ಬಿರುಕುಗಳು ಬೀಳುತ್ತವೆ. ಅಂಕಣವನ್ನು ಅಗಲಿಸಿ, ಇಲ್ಲವೇ ಬಲ ಅಂಚನ್ನು ಹಾಗೇ ಬಿಡಿ.

ಮುದ್ರಣಕ್ಕೆ ಕಳಿಸುವ ಕಡತದಲ್ಲಿ ಮೂರು ತಪ್ಪುಗಳು ಎಲ್ಲರಲ್ಲೂ ಕಾಣುತ್ತವೆ. ಅಂಚಿನವರೆಗೆ ಬಣ್ಣವಿರುವ ಪುಟದಲ್ಲಿ ಕತ್ತರಿಸುವ ಗೆರೆಯಿಂದ ಆಚೆಗೂ 3 ಮಿಲಿಮೀಟರ್ ಬಣ್ಣ ಹರಿದಿರಬೇಕು; ಇದಕ್ಕೆ ಬ್ಲೀಡ್ ಎನ್ನುತ್ತಾರೆ, ಇದಿಲ್ಲದಿದ್ದರೆ ಕತ್ತರಿಸಿದಾಗ ಬಿಳಿ ಗೆರೆ ಉಳಿಯುತ್ತದೆ. ಕಪ್ಪು ಅಕ್ಷರಗಳು ಕಪ್ಪು ಶಾಯಿಯೊಂದರಿಂದಲೇ ಆಗಿರಬೇಕು, ಮುದ್ರಣದ ನಾಲ್ಕೂ ಬಣ್ಣಗಳ, ಅಂದರೆ ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ನೇರಳೆ ಬೆರೆತ ಕೆಂಪು), ಹಳದಿ, ಕಪ್ಪುಗಳ ಮಿಶ್ರಣದಿಂದಾದರೆ ಒಂದೊಂದು ಬಣ್ಣದ ಅಚ್ಚಿನ ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರ ಮಸುಕಾಗುತ್ತದೆ. ಮೂರನೆಯದು ಕೆಂಪು. ತೆರೆಯ ಮೇಲೆ ಹೊಳೆಯುವ ಕೆಂಪು ಕಾಗದದ ಮೇಲೆ ಬರುವುದಿಲ್ಲ. ಅಲ್ಲಿ ಕೆಂಪು ಹುಟ್ಟುವುದು ಮಜೆಂಟಾ ಮತ್ತು ಹಳದಿ ಶಾಯಿಗಳಿಂದ. ಬ್ಯಾಡಗಿಯ ಕಡುಗೆಂಪಿಗೆ ಅದರ ಮೇಲೆ ಚೂರು ಕಪ್ಪೋ ಸಯಾನೋ ಬೇಕಾಗುತ್ತದೆ. ನಿಜವಾದ ಕಾಯಿಯನ್ನು ಪಕ್ಕದಲ್ಲಿಟ್ಟುಕೊಂಡು ನಾಲ್ಕಾರು ಪ್ರಮಾಣಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಹೋಲಿಸಿ.

ಇಷ್ಟನ್ನೂ ಮಾಡುವಾಗ ನಿಮಗೆ ಬೇಸರವಾಯಿತೋ, ಇನ್ನೊಮ್ಮೆ ಸರಿಪಡಿಸೋಣ ಎನಿಸಿತೋ ಎಂಬುದನ್ನು ಅಂದೇ ಬರೆದಿಡಿ. ಪುಸ್ತಕ ವಿನ್ಯಾಸಕರ ದಿನದ ಹೆಚ್ಚಿನ ಭಾಗ ಮುಖಪುಟ ಚಿತ್ರಿಸುವುದರಲ್ಲಿ ಕಳೆಯುವುದಿಲ್ಲ, ಇಂಥ ತಿದ್ದುಪಡಿಗಳಲ್ಲಿ ಕಳೆಯುತ್ತದೆ.

ಹಂತ 5: ಪೊಟ್ಟಣ

100 ಗ್ರಾಂ ಖಾರದಪುಡಿಯ ಒಂದು ರಟ್ಟಿನ ಪೆಟ್ಟಿಗೆ ಮಾಡಿ. ಮನೆಯಲ್ಲಿರುವ ಯಾವುದಾದರೂ ಪೆಟ್ಟಿಗೆಯನ್ನು ಹರಿಯದಂತೆ ಬಿಚ್ಚಿ ಹರಡಿ, ಅದರ ಮಡಿಕೆಗಳನ್ನೂ ಅಂಟು ಹಚ್ಚುವ ಪಟ್ಟಿಯನ್ನೂ ಅಳೆದು ನಿಮ್ಮದೇ ನಕ್ಷೆ ಬರೆಯಿರಿ. ಕತ್ತರಿಸುವ ಮತ್ತು ಮಡಿಸುವ ಗೆರೆಗಳ ಈ ನಕ್ಷೆಯೇ ಡೈಲೈನ್.

ಹೆಚ್ಚಿನ ವಿದ್ಯಾರ್ಥಿಗಳು ಮುಂಬದಿಯನ್ನು ಚೆನ್ನಾಗಿ ಮಾಡಿ ಹಿಂಬದಿಯಲ್ಲಿ ಅರ್ಥವಿಲ್ಲದ ಗೆರೆಗಳನ್ನು ತುಂಬಿಬಿಡುತ್ತಾರೆ. ಪೊಟ್ಟಣದ ನಿಜವಾದ ಕಷ್ಟ ಅಲ್ಲಿಯೇ ಇದೆ. ಆಹಾರ ಪದಾರ್ಥದ ಪೊಟ್ಟಣದಲ್ಲಿ ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಾದ ಕಾಲ, ಬಳಸಬಹುದಾದ ಅವಧಿ, ಬ್ಯಾಚ್ ಸಂಖ್ಯೆ, ತಯಾರಕರ ಹೆಸರು ಮತ್ತು ವಿಳಾಸ, ಗ್ರಾಹಕರ ದೂರಿನ ಸಂಪರ್ಕ, ಪದಾರ್ಥಗಳು, ಪೋಷಕಾಂಶಗಳ ಪಟ್ಟಿ, 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ, ಸಸ್ಯಾಹಾರವೆಂದು ತೋರಿಸುವ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಇವೆಲ್ಲ ಸಾಮಾನ್ಯವಾಗಿ ಇರಬೇಕಾಗುತ್ತದೆ. ಇವನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಓದುವಂತೆ ಕೂರಿಸಿ ನೋಡಿ. ಅಭ್ಯಾಸದ ಪೊಟ್ಟಣದಲ್ಲಿ ಯಾವುದೇ ನಿಜವಾದ ಕಂಪನಿಯ ಪರವಾನಗಿ ಸಂಖ್ಯೆಯನ್ನು ಹಾಕಬೇಡಿ, ಸೊನ್ನೆಗಳನ್ನು ಹಾಕಿ.

ಮುಗಿದ ಪೆಟ್ಟಿಗೆಯನ್ನು ಪರಿಚಯದ ಕಿರಾಣಿ ಅಂಗಡಿಯಲ್ಲಿ, ಮಾಲೀಕರನ್ನು ಕೇಳಿ, ಬೇರೆ ಖಾರದಪುಡಿಗಳ ನಡುವೆ ಇಟ್ಟು ದೂರದಿಂದ ಫೋಟೊ ತೆಗೆಯಿರಿ. ಎಲ್ಲರೂ ಕೆಂಪು ಬಳಸಿರುವಾಗ ನಿಮ್ಮ ಕೆಂಪು ಕಾಣುವುದೇ ಇಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ. ನಂದಿನಿ ಹಾಲಿನ ಬಗೆಯನ್ನು ಜನ ಹೆಸರು ಓದದೆ ಪ್ಯಾಕೆಟ್ಟಿನ ಬಣ್ಣದಿಂದಲೇ ಕೇಳುತ್ತಾರೆ. ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆಯನ್ನು ಹಲವು ತಲೆಮಾರುಗಳು ನೋಡಿದ ಕೂಡಲೇ ಗುರುತಿಸುತ್ತವೆ, ಆನೆಯ ತಲೆ ಸಿಂಹದ ಮೈಯ ಶರಭ ಅದರ ತಯಾರಕರ ಗುರುತು. ಇವೆರಡನ್ನೂ ತಂದಿಟ್ಟುಕೊಂಡು ಪ್ರತಿ ಬದಿಯಲ್ಲಿ ಏನಿದೆ ಎಂದು ಪಟ್ಟಿ ಮಾಡುವುದು ಒಳ್ಳೆಯ ಅಭ್ಯಾಸ.

ಹಂತ 6: ಮೂವರು ಓದುಗರಿಗೆ ಮೂರು ಚಿತ್ರ

ಚೆನ್ನಾಗಿ ಚಿತ್ರ ಬಿಡಿಸುವವರೆಲ್ಲ ತಾವು ಇಲಸ್ಟ್ರೇಷನ್, ಅಂದರೆ ಬರಹಕ್ಕೆ ಚಿತ್ರ ಬರೆಯುವ ಕೆಲಸಕ್ಕೆ ತಕ್ಕವರು ಎಂದುಕೊಳ್ಳುತ್ತಾರೆ. ಪರೀಕ್ಷಿಸಲು ಒಂದೇ ಮೆಣಸಿನಕಾಯಿಯನ್ನು ಕೃಷಿ ಕೈಪಿಡಿಗೆ, ಮಕ್ಕಳ ಪುಸ್ತಕಕ್ಕೆ ಮತ್ತು ದಿನಪತ್ರಿಕೆಯ ಬೆಲೆ ಏರಿಕೆಯ ಸುದ್ದಿಗೆ ಬರೆಯಿರಿ. ಕೃಷಿ ಕೈಪಿಡಿಯ ಚಿತ್ರ ನೋಡಿ ರೈತರು ಡಬ್ಬಿಯೋ ಕಡ್ಡಿಯೋ ಎಂದು ಹೇಳಬೇಕು. ಪತ್ರಿಕೆಯದ್ದು ಕಪ್ಪು ಬಿಳುಪಿನಲ್ಲಿ, ಒಂದೇ ಅಂಕಣದ ಅಗಲಕ್ಕೆ ಇಳಿಸಿದಾಗಲೂ ಅರ್ಥವಾಗಬೇಕು, ಅದನ್ನು ಒಂದೇ ಸಂಜೆಯಲ್ಲಿ ಮುಗಿಸಬೇಕು. ಮಕ್ಕಳ ಪುಸ್ತಕದ ಚಿತ್ರವನ್ನು ಮಕ್ಕಳಿಗೇ ತೋರಿಸಿ. ಗೆಳೆಯರೊಬ್ಬರು ಪ್ರಕಾಶಕರಂತೆ ಕೂತು ಎರಡು ಬಾರಿ ಬದಲಾವಣೆ ಕೇಳಲಿ. ಬೇರೆಯವರ ಮಾತಿಗೆ ತಕ್ಕಂತೆ ಮತ್ತೆ ಬರೆಯುವುದು ನಿಮಗೆ ಹಿಂಸೆಯಾದರೆ ಚಿತ್ರಕಲಾ ವಿಭಾಗವೇ ನಿಮಗೆ ಹೆಚ್ಚು ಒಗ್ಗಬಹುದು, ಅದರಲ್ಲಿ ಕೀಳರಿಮೆ ಬೇಕಿಲ್ಲ.

ಹಂತ 7: ಲಿನೋ ಅಚ್ಚು

ಅಂಗೈ ಎರಡರಷ್ಟು ಅಗಲದ ಲಿನೋ ತುಂಡಿನ ಮೇಲೆ ಮೆಣಸಿನಕಾಯಿಯನ್ನೂ ‘ಬ್ಯಾಡಗಿ’ ಎಂಬ ಪದವನ್ನೂ ಕೊರೆಯಿರಿ. ಅಚ್ಚಿನಲ್ಲಿ ಎಲ್ಲವೂ ತಿರುಗಿ ಬೀಳುವುದರಿಂದ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು. ಟ್ರೇಸಿಂಗ್ ಹಾಳೆಯಲ್ಲಿ ಬರೆದು ಮಗುಚಿ ಹಾಕಿದರೆ ತಪ್ಪುವುದಿಲ್ಲ. ಲಿನೋವನ್ನು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗಿ ಸುಲಭವಾಗಿ ಕೊರೆಯಬಹುದು. ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆಯೇ ಇರಲಿ, ಮುಂದೆ ಎಂದೂ ಬೇಡ. ರೋಲರಿನಿಂದ ತೆಳುವಾಗಿ ಶಾಯಿ ಹಚ್ಚಿ, ಹಾಳೆ ಹೊದಿಸಿ, ಚಮಚದ ಬೆನ್ನಿನಿಂದ ಉಜ್ಜಿ. ಹತ್ತು ಪ್ರತಿ ತೆಗೆದು, ಅವು ಹತ್ತೂ ಒಂದೇ ತೆರನಾಗಿ ಬಂದಿವೆಯೇ ನೋಡಿ, ಪ್ರತಿಯ ಕೆಳಗೆ ಪೆನ್ಸಿಲಿನಿಂದ 1/10, 2/10 ಎಂದು ಸಂಖ್ಯೆ ಹಾಕಿ ಸಹಿ ಮಾಡಿ. ಮುದ್ರಣಕಲೆಯ ಶಿಸ್ತು ಇರುವುದು ಈ ಏಕರೂಪತೆಯಲ್ಲಿ.

ಕಾಲೇಜಿನಲ್ಲಿ ಸತುವಿನ ತಗಡನ್ನು ಆಮ್ಲದಿಂದ ಕೊರೆಯುವ ಎಚಿಂಗ್ ಇದ್ದರೆ ಹಿರಿಯ ವಿದ್ಯಾರ್ಥಿಗಳು ಮಾಡುವಾಗ ನಿಂತು ನೋಡಿ, ಒಬ್ಬರೇ ಕೈಹಾಕಬೇಡಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಎಂದಿಗೂ ಸುರಿಯಬಾರದು. ಕಿಟಕಿ ತೆರೆದಿರಬೇಕು, ಕೈಗವಸು ಮತ್ತು ಕನ್ನಡಕ ಇರಬೇಕು. ಕಲ್ಲಿನಿಂದ ಅಚ್ಚು ತೆಗೆಯುವ ಲಿಥೋಗ್ರಫಿ ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದ ದೇವರ ಪಟಗಳೇ ಸಾಕ್ಷಿ. ಹಳೆಯ ಮನೆಗಳ ದೇವರ ಕೋಣೆಯಲ್ಲಿ ಅಂಥ ಪಟ ಸಿಕ್ಕರೆ ಭೂತಗನ್ನಡಿ ಹಿಡಿದು ಚುಕ್ಕೆಗಳನ್ನು ನೋಡಿ.

ಹಂತ 8: ತೆರೆಯ ಮೇಲಿನ ಕೆಲಸ

ಚಲಿಸುವ ಗ್ರಾಫಿಕ್ಸ್ ಮತ್ತು ಮೊಬೈಲ್ ಪರದೆಯ ವಿನ್ಯಾಸ ಎರಡನ್ನೂ ಒಂದೊಂದು ಚಿಕ್ಕ ಕೆಲಸದಿಂದ ಅಳೆಯಬಹುದು. ಹತ್ತು ಸೆಕೆಂಡಿನ ಚಲನೆಗೆ ಸೆಕೆಂಡಿಗೆ 25 ಚೌಕಟ್ಟಿನಂತೆ (ಫ್ರೇಮ್, ಅಂದರೆ ಚಲನೆಯ ಒಂದೊಂದು ಬಿಡಿ ಚಿತ್ರ) 250 ಚೌಕಟ್ಟುಗಳು ಬೇಕು. ಕ್ರಿಟಾದಲ್ಲಿ ಎರಡು ಸೆಕೆಂಡು ಮಾಡಿದರೂ ಸಾಕು, ಕೆಲಸದ ಸ್ವರೂಪ ತಿಳಿಯುತ್ತದೆ. ಪರದೆಗೆ, ರೈತರು ಇಂದಿನ ಮೆಣಸಿನಕಾಯಿ ದರವನ್ನು ನೋಡುವ ಒಂದೇ ಪುಟವನ್ನು ವಿನ್ಯಾಸ ಮಾಡಿ, ಕಡಿಮೆ ಬೆಲೆಯ ಫೋನಿನಲ್ಲಿ, ಬಿಸಿಲಿನಲ್ಲಿ ನಿಂತು, ಕನ್ನಡಕ ಧರಿಸುವ ಹಿರಿಯರೊಬ್ಬರಿಗೆ ತೋರಿಸಿ. ಅವರು ತಡವರಿಸಿದ ಜಾಗವನ್ನು ವಿವರಣೆ ಕೊಡದೆ ಸುಮ್ಮನೆ ಗುರುತು ಮಾಡಿಕೊಳ್ಳಿ.

ಹಂತ 9: ಕೆಲಸ ನಡೆಯುವ ಜಾಗಗಳಿಗೆ ಹೋಗಿ

ನಿಮ್ಮ ಊರಿನ ಆಫ್‌ಸೆಟ್ ಮುದ್ರಣಾಲಯಕ್ಕೆ, ಮದುವೆ ಪತ್ರಿಕೆಗಳ ಗಡಿಬಿಡಿ ಇಲ್ಲದ ದಿನ ನೋಡಿಕೊಂಡು, ಅನುಮತಿ ಕೇಳಿ ಒಂದು ಬೆಳಿಗ್ಗೆ ಹೋಗಿ. ಯಂತ್ರ ನಡೆಸುವವರನ್ನು ಒಂದೇ ಪ್ರಶ್ನೆ ಕೇಳಿ: ವಿನ್ಯಾಸಕರು ಕಳಿಸುವ ಕಡತಗಳಲ್ಲಿ ನಿಮಗೆ ಹೆಚ್ಚು ತೊಂದರೆ ಕೊಡುವುದು ಯಾವುದು, ಸರ್? ಆ ಉತ್ತರ ಯಾವ ಪಠ್ಯಪುಸ್ತಕದಲ್ಲೂ ಸಿಗದು. ಕೈಯಿಂದ ಫಲಕ ಬರೆಯುವ ಕಲಾವಿದರು ಊರಿನಲ್ಲಿ ಇನ್ನೂ ಇದ್ದರೆ ಅವರು ಗೆರೆ ಹಾಕಿಕೊಳ್ಳುವ ಕ್ರಮವನ್ನು ಪಕ್ಕದಲ್ಲಿ ನಿಂತು ನೋಡಿ.

ಬೆಂಗಳೂರಿಗೆ ಬರುವ ಅವಕಾಶವಿದ್ದರೆ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಎಂ.ಜಿ. ರಸ್ತೆಯ ಬಳಿಯ ಭಾರತೀಯ ವ್ಯಂಗ್ಯಚಿತ್ರ ಗ್ಯಾಲರಿ ಇವುಗಳಿಗೆ ಒಂದೊಂದು ಪ್ರಶ್ನೆ ಇಟ್ಟುಕೊಂಡು ಹೋಗಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಮುದ್ರಣಕಲೆಯವರು ತಮ್ಮ ಕೃತಿಗಳನ್ನು ಮಾರಲು ತಾವೇ ಕೂತಿರುತ್ತಾರೆ. ಕೊಳ್ಳಲು ಆಗದಿದ್ದರೂ ಯಾವ ತಗಡು, ಯಾವ ಕಾಗದ ಎಂದು ವಿನಯದಿಂದ ಕೇಳಿದರೆ ಹೇಳುತ್ತಾರೆ. ಊರಲ್ಲೇ ಇರುವವರಿಗೆ ಐ.ಐ.ಟಿ. ಬಾಂಬೆಯ ವಿನ್ಯಾಸ ಶಾಲೆಯವರು ನಡೆಸುವ ಡಿ-ಸೋರ್ಸ್ ಎಂಬ ಉಚಿತ ತಾಣದಲ್ಲಿ ಪಾಠಗಳಿವೆ.

ಹಂತ 10: ಟಿಪ್ಪಣಿಗಳನ್ನು ಓದಿ ತೀರ್ಮಾನಿಸಿ

ಎಲ್ಲ ಕೆಲಸಗಳನ್ನೂ ಒಂದೇ ಮೇಜಿನ ಮೇಲೆ ಹರಡಿ, ಜೊತೆಗೆ ಬರೆದಿಟ್ಟ ಟಿಪ್ಪಣಿಗಳನ್ನು ಓದಿ. ಯಾವುದು ಸುಂದರವಾಗಿ ಬಂದಿದೆ ಎಂದು ಹುಡುಕಬೇಡಿ. ಯಾರೂ ಹೇಳದಿದ್ದರೂ ಯಾವುದನ್ನು ಮತ್ತೆ ಮಾಡಿದಿರಿ, ಯಾವುದರ ನೀರಸ ಭಾಗವನ್ನು ಸಿಡುಕದೆ ಮುಗಿಸಿದಿರಿ, ಯಾವುದರ ಬಗ್ಗೆ ಬೇರೆಯವರ ಕೆಲಸವನ್ನು ಹುಡುಕಿಕೊಂಡು ಹೋಗಿ ನೋಡಿದಿರಿ ಎಂಬುದನ್ನು ಹುಡುಕಿ. ಮೊದಲ ಯತ್ನದಲ್ಲೇ ಚೆನ್ನಾಗಿ ಬಂದದ್ದು ಹಿಂದಿನ ಅಭ್ಯಾಸದ ಫಲವಾಗಿರಬಹುದು. ಕೆಟ್ಟದಾಗಿ ಬಂದರೂ ಬಿಡಲಾಗದೆ ತಿದ್ದಿದ್ದು ಅದಕ್ಕಿಂತ ನಂಬಲರ್ಹ ಸೂಚನೆ.

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿಕೊಳ್ಳಿ. ತಂತ್ರಾಂಶ ಬಾರದೆ ಆದ ಕಿರಿಕಿರಿಯನ್ನು ಕೆಲಸದ ಮೇಲಿನ ಬೇಸರವೆಂದು ತಿಳಿಯಬೇಡಿ, ಅದು ಕೆಲವು ತಿಂಗಳಲ್ಲಿ ಹೋಗುತ್ತದೆ. ಹಾಗೆಯೇ ಒಬ್ಬ ಅಧ್ಯಾಪಕರ ಮೇಲಿನ ಮೆಚ್ಚುಗೆ ಅಥವಾ ಮುನಿಸನ್ನು ವಿಷಯದ ಮೇಲೆ ಹೊರಿಸಬೇಡಿ. ಅವರು ವರ್ಗವಾಗಿ ಹೋಗಬಹುದು, ವಿಷಯ ನಿಮ್ಮೊಂದಿಗೆ ಉಳಿಯುತ್ತದೆ.

ಮನೆಯಲ್ಲಿ ಉದ್ಯೋಗದ ಬಗ್ಗೆ ಕೇಳುವುದು ಸಹಜ, ಅದಕ್ಕೆ ನೇರವಾಗಿ ಉತ್ತರಿಸಬೇಕು. ಅನ್ವಯಿಕ ಕಲೆ ಓದಿದವರು ಜಾಹೀರಾತು ಸಂಸ್ಥೆ, ಪತ್ರಿಕೆ, ಪ್ರಕಾಶನ, ಪೊಟ್ಟಣ ಉದ್ಯಮ, ವಿನ್ಯಾಸ ಸ್ಟುಡಿಯೋಗಳಲ್ಲಿ ಸಂಬಳದ ಕೆಲಸ ಹುಡುಕಬಹುದು. ಮುದ್ರಣಕಲೆಯವರ ದಾರಿ ಹೆಚ್ಚಾಗಿ ಸ್ವಂತ ಕಲಾಭ್ಯಾಸ, ಬೋಧನೆ, ಮುದ್ರಣ ಕಾರ್ಯಾಗಾರಗಳ ಮೂಲಕ ಸಾಗುತ್ತದೆ, ಆರಂಭದ ವರ್ಷಗಳಲ್ಲಿ ಆದಾಯ ಅನಿಶ್ಚಿತ. ಇದನ್ನು ಮರೆಮಾಚದೆ ತಂದೆತಾಯಿಯರ ಮುಂದಿಟ್ಟು, ನೀವು ಮಾಡಿದ ಕೆಲಸಗಳನ್ನೂ ತೋರಿಸಿ ಮಾತಾಡಿ. ಬರಿಗೈಯಲ್ಲಿ ಆಡುವ ಮಾತಿಗೂ ಕೆಲಸ ಮುಂದಿಟ್ಟು ಆಡುವ ಮಾತಿಗೂ ಸಿಗುವ ಕಿವಿ ಬೇರೆ.

ಹಂತ 11: ಅರ್ಜಿ ಸಲ್ಲಿಸುವ ಮುನ್ನ

ವಿಭಾಗದ ಮುಖ್ಯಸ್ಥರನ್ನು ಕಂಡು, ಆಯ್ದ ಮೂರು ಕೆಲಸಗಳನ್ನು ತೋರಿಸಿ, ಎರಡನೆಯ ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೆ ಸಾಮಗ್ರಿಗೆ ಎಷ್ಟು ಖರ್ಚು ಬರುತ್ತದೆ, ವಿಭಾಗ ಬದಲಿಸಲು ಅವಕಾಶವಿದೆಯೇ, ಇದ್ದರೆ ಯಾವ ದಿನಾಂಕದೊಳಗೆ ಎಂದು ಕೇಳಿ. ಸೀಟುಗಳು ಸೀಮಿತವಾಗಿರುವುದರಿಂದ ಎರಡನೆಯ ಆಯ್ಕೆಯನ್ನೂ ಯೋಚಿಸಿಯೇ ಬರೆಯಿರಿ. ಅಕ್ಷರ ನಿಮ್ಮ ಮೊದಲ ಒಲವಾಗಿದ್ದರೆ ಅದಕ್ಕೆಂದೇ ಪ್ರತ್ಯೇಕ ವಿಭಾಗ ನಿಮ್ಮ ಕಾಲೇಜಿನಲ್ಲಿ ಇಲ್ಲದಿರಬಹುದು. ಆಗ ಅನ್ವಯಿಕ ಕಲೆಯನ್ನು ಆರಿಸಿಕೊಂಡು ಪ್ರತಿ ಪ್ರಾಜೆಕ್ಟಿನಲ್ಲೂ ಅಕ್ಷರದ ಭಾಗವನ್ನು ನೀವೇ ವಹಿಸಿಕೊಳ್ಳುವುದು ಸರಿಯಾದ ದಾರಿ.

ಕೆಲಸಗಳನ್ನು ಎಸೆಯಬೇಡಿ. ಪ್ರತಿಯೊಂದನ್ನೂ ಹಗಲು ಬೆಳಕಿನಲ್ಲಿ, ನೆರಳು ಬೀಳದಂತೆ, ನೇರ ಮೇಲಿನಿಂದ ಫೋಟೊ ತೆಗೆದು, ಕಡತದ ಹೆಸರಿನಲ್ಲೇ ವರ್ಷ ಮತ್ತು ಮಾಧ್ಯಮವನ್ನು ನಮೂದಿಸಿ ಎರಡು ಕಡೆ ಉಳಿಸಿ. ತಿದ್ದಿದ ಕರಡುಗಳನ್ನೂ, ಬಣ್ಣ ಪರೀಕ್ಷಿಸಿದ ಹಾಳೆಯನ್ನೂ ಜೊತೆಗಿಡಿ. ಇಂಟರ್ನ್‌ಶಿಪ್ಪಿಗೋ ಸ್ನಾತಕೋತ್ತರ ಪ್ರವೇಶಕ್ಕೋ ಹೋದಾಗ ಸಂದರ್ಶಕರು ಮುಗಿದ ಕೆಲಸದ ಜೊತೆಗೆ ಅದು ಬೆಳೆದುಬಂದ ಬಗೆಯನ್ನೂ ಕೇಳುತ್ತಾರೆ. ಮೂಲ ಹಾಳೆಗಳ ನಡುವೆ ಬಟರ್ ಪೇಪರ್ ಹಾಕಿ ಚಪ್ಪಟೆಯಾಗಿಡಿ, ಸುತ್ತಿಡಬೇಡಿ. ಮಳೆಗಾಲದಲ್ಲಿ ಮಲೆನಾಡು ಮತ್ತು ಕರಾವಳಿಯವರು ಆ ಕಟ್ಟನ್ನು ನೆಲದ ಮೇಲಾಗಲಿ ಹೊರಗೋಡೆಗೆ ತಾಗಿಸಿಯಾಗಲಿ ಇಡದೆ, ಬಿಸಿಲು ಬಿದ್ದ ದಿನ ತೆರೆದು ಗಾಳಿಗೆ ಹರಡಬೇಕು. ಲಿನೋ ಶಾಯಿ ಪೂರ್ತಿ ಒಣಗುವ ಮುನ್ನ ಒಂದರ ಮೇಲೊಂದು ಪೇರಿಸಿದ ಅಚ್ಚುಗಳು ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ.